ಆರುನೂರ ಹದಿನಾಲ್ಕು ಪಾದಗಳು

ತಮ್ಮ ಹೋದ ಸುದ್ದಿ ಬಂದ ದಿನ ಹೊಸ ಕಂಪ್ಯೂಟರು ಇನ್ನೂ ರಟ್ಟಿನ ಪೆಟ್ಟಿಗೆಯೊಳಗೇ ಇತ್ತು. ಅಣ್ಣ ಹೊರಗಿನ ಕೋಣೆಯಲ್ಲಿ ಉಜ್ಜುವ ಚಕ್ರದ ಮುಂದೆ ಕೂತು ಒಂದು ಬೂಟಿನ ಹಿಮ್ಮಡಿಯನ್ನು ನಯಮಾಡುತ್ತಿದ್ದ. ಚಕ್ರದ ಸದ್ದಿನಲ್ಲಿ ಅವನಿಗೆ ಫೋನು ಕೇಳಲಿಲ್ಲ. ಇದ್ದಕ್ಕಿದ್ದಂತೆ ಚಕ್ರ ನಿಂತಿತು. ತಲೆಯೆತ್ತಿ ನೋಡಿದರೆ ಗೋಡೆಯ ಗುಂಡಿಯ ಮೇಲೆ ತಮ್ಮನ ಹೆಂಡತಿಯ ಕೈ. ಆ ಮನೆಯಲ್ಲಿ ಒಬ್ಬರ ಯಂತ್ರವನ್ನು ಇನ್ನೊಬ್ಬರು ಆರಿಸುವ ಪದ್ಧತಿಯೇ ಇರಲಿಲ್ಲ. ಆಕೆ ಬಾಯಿ ತೆರೆಯುವ ಮೊದಲೇ ಅಣ್ಣನಿಗೆ ಕೆಟ್ಟ ಸುದ್ದಿಯೆಂದು ತಿಳಿಯಿತು.

"ಭಾವ, ಆಸ್ಪತ್ರೆಯಿಂದ ಫೋನು ಬಂದಿತ್ತು. ಬೂಟು ಕೊಡೋಕೆ ಹೋಗಿದ್ದ ಇವರು, ಕೊಟ್ಟು ಬೆಂಚಿನ ಮೇಲೆ ಕೂತೋರು ಮತ್ತೆ ಏಳಲಿಲ್ಲವಂತೆ."

ಅಷ್ಟೇ ಹೇಳಿದಳು. ಅಣ್ಣ ಕೈಯಲ್ಲಿದ್ದ ಬೂಟನ್ನು ಮೇಜಿನ ಮೇಲೆ ಜೋಪಾನವಾಗಿ ಇಟ್ಟ. ಅದು ಯಾರದೋ ಕಾಲಿನದು, ಎಸೆಯುವ ಹಾಗಿರಲಿಲ್ಲ.

ಅವರದು ಎಲ್ಲರ ಕಾಲಿಗೂ ಬೂಟು ಮಾಡುವ ಅಂಗಡಿಯಲ್ಲ. ಸಕ್ಕರೆ ಕಾಯಿಲೆಯಿಂದ ಹುಣ್ಣಾದ ಕಾಲು, ಅಪಘಾತದಲ್ಲಿ ಬೆರಳು ಕಳೆದುಕೊಂಡ ಕಾಲು, ಹುಟ್ಟಿನಿಂದಲೇ ಸೊಟ್ಟಗಿರುವ ಕಾಲು, ಇಂಥವಕ್ಕೆ ಮಾತ್ರ. ತಮ್ಮನದೇ ಎಡಗಾಲು ಸೊಟ್ಟಗಿತ್ತು. ಅಪ್ಪ ಅವನಿಗಾಗಿ ಮಾಡಿದ ಬೂಟಿನಿಂದಲೇ ಆ ಕಸುಬು ಮನೆಗೆ ಬಂದದ್ದು. ಮುಂದೆ ಬಂದವರ ಪಾದಗಳನ್ನು ತಮ್ಮ ಅಳೆದು ಅವುಗಳ ಆಕಾರವನ್ನು ಒಳಗಿನ ಕೋಣೆಯ ಕಂಪ್ಯೂಟರಿನಲ್ಲಿ ಇಳಿಸುತ್ತಿದ್ದ, ಅಣ್ಣ ಅದರಂತೆ ಯಂತ್ರದಲ್ಲಿ ಕಾಲಿನ ಅಚ್ಚು ಕೊರೆದು ಅಟ್ಟೆ ಕೂಡಿಸುತ್ತಿದ್ದ, ತಮ್ಮನ ಹೆಂಡತಿ ಮೇಲಿನ ಚರ್ಮ ಹೊಲಿಯುತ್ತಿದ್ದಳು.

ಆ ಆಕಾರಗಳಿದ್ದದ್ದು ಆ ಒಂದೇ ಕಂಪ್ಯೂಟರಿನಲ್ಲಿ. ಕಾಲನ್ನಾದರೆ ಮತ್ತೊಮ್ಮೆ ಅಳೆಯಬಹುದು. ಆದರೆ ತಮ್ಮ ಮಾಡುತ್ತಿದ್ದ ಕೆಲಸ ಅಳತೆಯಷ್ಟೇ ಆಗಿರಲಿಲ್ಲ. ಒಬ್ಬ ಮುದುಕಿ ಬಂದು ಕಿರುಬೆರಳ ಕೆಳಗೆ ಕೆಂಪಗಾಗಿದೆ ಎಂದರೆ ಆ ಜಾಗದಲ್ಲಿ ಕೂದಲೆಳೆಯಷ್ಟು ತಗ್ಗಿಸುತ್ತಿದ್ದ. ಆರು ತಿಂಗಳ ಮೇಲೆ ಬಂದಾಗ ಇನ್ನೆಲ್ಲೋ ಒಂದಿಷ್ಟು ಏರಿಸುತ್ತಿದ್ದ. ಹೀಗೆ ಹನ್ನೆರಡು ವರ್ಷ, ಆರುನೂರ ಹದಿನಾಲ್ಕು ಪಾದಗಳು. ಪ್ರತಿಯೊಂದು ತಿದ್ದುಪಡಿಯ ಹಿಂದೆಯೂ ಒಬ್ಬರು ಪಟ್ಟ ನೋವಿತ್ತು. ಅವೆಲ್ಲ ಹೋದರೆ ಆ ಜನ ಅದೇ ಹುಣ್ಣುಗಳನ್ನು ಮೊದಲಿನಿಂದ ಪಡಬೇಕು. ಕೆಲವರು ಆ ದಾರಿಯಲ್ಲಿ ಕಾಲನ್ನೇ ಕಳೆದುಕೊಳ್ಳಬಹುದು.

ಮಾಡಬೇಕಾದದ್ದನ್ನೆಲ್ಲ ಮಾಡಿ ಮುಗಿಸಿ, ಬಂದವರನ್ನು ಕಳಿಸಿ, ಇಪ್ಪತ್ತನೆಯ ದಿನ ಅಣ್ಣ ಅಂಗಡಿಯ ಬಾಗಿಲು ತೆರೆದ. ಒಳಗಿನ ಕೋಣೆಗೆ ಹೋಗಿ ತಮ್ಮನ ಹಳೆಯ ಕಂಪ್ಯೂಟರನ್ನು ಹಚ್ಚಿದಾಗ ಅದರೊಳಗಿನಿಂದ ಟಿಕ್, ಟಿಕ್ ಎಂದು ಸದ್ದು ಬಂತು. ಗಡಿಯಾರದ ಸದ್ದಿನಂತೆ ಒಂದೇ ಸಮ ಇರಲಿಲ್ಲ. ನಿಂತು, ಯೋಚಿಸಿ, ಮತ್ತೆ ಹೊಡೆದುಕೊಳ್ಳುತ್ತಿತ್ತು.

ಅಣ್ಣನಿಗೆ ದಿಗಿಲಾಯಿತು. ಅಂದೇ ಹೊಸ ಕಂಪ್ಯೂಟರನ್ನು ಹೊರಗಿನ ಕೋಣೆಯಲ್ಲಿ, ಅಚ್ಚು ಕೊರೆಯುವ ಯಂತ್ರದ ಪಕ್ಕದಲ್ಲಿ ಕೂಡಿಸಿದ. ಎರಡನ್ನೂ ಜೋಡಿಸುವ ಕೇಬಲ್ಲುಗಳನ್ನು ಹೊಸದಾಗಿ ತಂದ. ನಡುವೆ ಗೋಡೆಯ ಮೇಲೆ, ಕೇಬಲ್ಲುಗಳೆಲ್ಲ ಬಂದು ಸೇರುವ ಜೋಡಣೆಯ ಪೆಟ್ಟಿಗೆಗೆ ವಯಸ್ಸಾಗಿತ್ತು. ಹೊಸ ಯಂತ್ರಕ್ಕೆ ಹೊಸ ಪೆಟ್ಟಿಗೆ ಇರಲಿ ಎಂದು ಅದನ್ನೂ ಬದಲಿಸಿ, ಹಳೆಯದನ್ನು ಗುಜರಿಯವನಿಗೆ ಕೊಟ್ಟ. ನಂತರ ದೇವರನ್ನು ನೆನೆದು ಆರುನೂರ ಹದಿನಾಲ್ಕನ್ನೂ ಒಟ್ಟಿಗೆ ಗುರುತುಮಾಡಿ ಸಾಗಿಸಲು ಹೇಳಿದ.

ಪರದೆಯ ಮೇಲೆ ಬಂತು: ಉಳಿದಿರುವ ಸಮಯ ಹದಿನೇಳು ದಿನ.

ಮಧ್ಯಾಹ್ನ ರಿಪೇರಿಯವನು ಬಂದ. ಊರೆಲ್ಲ ಅವನನ್ನು ತಂತಿರಾಯ ಎಂದೇ ಕರೆಯುತ್ತಿತ್ತು. ಹಳೆಯ ಕಂಪ್ಯೂಟರಿಗೆ ಕಿವಿ ಹಚ್ಚಿ ಕೇಳಿದ. ಮುಖ ಸಣ್ಣದಾಯಿತು.

"ಯಜಮಾನ್ರೆ, ಇದರ ಡಿಸ್ಕು ಹೊರಟು ನಿಂತಿದೆ. ಎರಡು ದಿನ ಅಂದ್ಕೊಳ್ಳಿ. ಆರಿಸಬೇಡಿ ಮಾತ್ರ. ಆರಿಸಿದ್ರೆ ಮತ್ತೆ ಏಳುತ್ತೆ ಅನ್ನೋ ನಂಬಿಕೆ ನನಗಿಲ್ಲ."

"ಬಿಚ್ಚಿ ತೆಗೆದು ಹೊಸದಕ್ಕೆ ಹಾಕಿದ್ರೆ?"

"ಬಿಚ್ಚಬೇಕಂದ್ರೆ ಆರಿಸಬೇಕಲ್ಲ. ಪೆನ್‌ಡ್ರೈವ್ ಚುಚ್ಚೋ ತೂತೂ ಕೆಟ್ಟಿದೆ. ತಂತಿಯಲ್ಲೇ ಸಾಗಲಿ. ಆದ್ರೆ ಇಷ್ಟು ನಿಧಾನ ಯಾಕೆ ಅಂತ ನೋಡಬೇಕು." ತಮ್ಮನ ಕುರ್ಚಿಯನ್ನು ಎಳೆದುಕೊಳ್ಳಲು ಹೋದ.

"ಅಲ್ಲಿ ಕೂರಬೇಡ," ಎಂದ ಅಣ್ಣ. "ತಂತಿ ನೋಡು."

ತಂತಿರಾಯ ತಂತಿ ನೋಡಿದ. ತಾನು ತಂದ ಬೇರೆ ಕೇಬಲ್ಲು ಹಾಕಿದ, ಪೆಟ್ಟಿಗೆಯ ಒಂದೊಂದೇ ತೂತಿಗೆ ಚುಚ್ಚಿ ನೋಡಿದ. ಹದಿನೇಳು ದಿನ ಹದಿನಾರೂವರೆಯೂ ಆಗಲಿಲ್ಲ. ಸಂಜೆ ಕೈಚೀಲ ಎತ್ತಿಕೊಂಡು, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು ನನ್ನ ಕೆಲಸ," ಎಂದು ಗೊಣಗಿ ಹೋದ.

ಆಗ ಅಣ್ಣ ಲೆಕ್ಕ ಹಾಕಿದ. ಒಂದು ಪಾದ ದಾಟಲು ನಲವತ್ತು ನಿಮಿಷ. ಎರಡು ದಿನಕ್ಕೆ ಎಪ್ಪತ್ತು ಪಾದ. ಹಾಗಾದರೆ ಯಾರು ಮೊದಲು? ಸಾಗಾಟ ನಿಲ್ಲಿಸಿ, ಹೆಸರುಗಳ ಪಟ್ಟಿ ಹಿಡಿದು ಕೂತ. ತಮ್ಮನ ಹೆಂಡತಿ ಎದುರಿಗೆ ಕೂತಳು.

"ಶಾಲೆಯ ಟೀಚರಮ್ಮ," ಎಂದ ಅಣ್ಣ. "ಅವರ ಹುಣ್ಣು ಇನ್ನೂ ಮಾಗಿಲ್ಲ. ಶನಿವಾರಕ್ಕೆ ಬೂಟು ಕೊಡಬೇಕು."

"ಬರೆದ್ಕೊಳ್ಳಿ. ಆಮೇಲೆ ಬಸ್ಸಿನ ಡ್ರೈವರು. ಆಮೇಲೆ ಅವಳಿಮಕ್ಕಳು."

"ಬ್ಯಾಂಕಿನ ಗುಮಾಸ್ತ?"

"ಆತ ಬೂಟು ಕಚ್ಚುತ್ತೆ ಅಂತ ಸುಳ್ಳು ಹೇಳ್ತಾನೆ ಭಾವ. ಇಲ್ಲಿ ಬಂದು ಹರಟೆ ಹೊಡೆಯೋಕೆ. ಹಿಂದೆ ಇರಲಿ."

ಅಣ್ಣನಿಗೆ ನಗು ಬಂತು. ಮರುಕ್ಷಣವೇ, ಯಾರು ಮೊದಲು ಎಂದು ಗೊತ್ತುಮಾಡುವುದು ದೇವರ ಕೆಲಸ, ಅದಕ್ಕೆ ನನಗೇನು ಯೋಗ್ಯತೆ ಎನ್ನಿಸಿತು. ಪಟ್ಟಿ ಉದ್ದವಾಗುತ್ತ ಹೋಯಿತು. ತೀರಿಕೊಂಡವರ ಪಾದಗಳನ್ನೂ ತಮ್ಮ ಅಳಿಸಿರಲಿಲ್ಲ. ಅಂಥವು ನಲವತ್ತು ಇದ್ದವು. ಅವನ್ನು ತುದಿಗೆ ಹಾಕಿದರು. ಇನ್ನು ಎರಡು ಪಾದ ಉಳಿದವು, ಅದರಲ್ಲಿ ಎಡದ್ದು ಸೊಟ್ಟ. ಅಣ್ಣ ಲೇಖನಿ ಎತ್ತಿ ಆಕೆಯ ಮುಖ ನೋಡಿದ.

"ಅವರದು ಎಲ್ಲಕ್ಕಿಂತ ಕೊನೇಲಿರಲಿ," ಎಂದಳು ಆಕೆ. "ಅವರಿಗೆ ಇನ್ನು ನಡೆಯೋದು ಎಲ್ಲಿದೆ."

ಬರೆದ. ಪಟ್ಟಿಯ ಪ್ರಕಾರ ಸಾಗಾಟ ಮತ್ತೆ ಶುರುವಾಯಿತು.

ಮರುದಿನ ಬೆಳಿಗ್ಗೆ ಎಂಟಕ್ಕೆಲ್ಲ ತಂತಿರಾಯ ಬಾಗಿಲಲ್ಲಿದ್ದ. ಅಷ್ಟು ಹೊತ್ತಿಗೆ ದಾಟಿದ್ದು ಇಪ್ಪತ್ತೊಂದು ಪಾದ.

"ಯಜಮಾನ್ರೆ, ನಿದ್ದೆ ಬರಲಿಲ್ಲ ನನಗೆ. ಒಂದು ಕೇಳ್ತೀನಿ, ಬೈಬೇಡಿ. ಹಳೇ ಪೆಟ್ಟಿಗೆ ಎಲ್ಲಿ?"

"ಗುಜರಿಗೆ ಹೋಯ್ತು."

ತಂತಿರಾಯ ಹಣೆ ಚಚ್ಚಿಕೊಂಡ. "ಒಂದೇ ಒಂದು ಸಲ ಆ ಕುರ್ಚಿ ಮೇಲೆ ಕೂರೋಕೆ ಬಿಡಿ. ಮುಟ್ಟಲ್ಲ, ನೋಡ್ತೀನಿ ಅಷ್ಟೇ."

ಅಣ್ಣ ತಮ್ಮನ ಹೆಂಡತಿಯ ಕಡೆ ನೋಡಿದ. ಆಕೆ ತಲೆಯಾಡಿಸಿದಳು. ತಂತಿರಾಯ ಕೂತು ಪರದೆಯ ಮೇಲೆ ಒಂದೆರಡು ಕಿಟಕಿ ತೆರೆದ. ಪರದೆಯ ಅಂಚಿನಲ್ಲಿ ತಮ್ಮನ ಕೈಬರಹದ ಚೀಟಿ ಅಂಟಿತ್ತು: 'ವೇಗ ಕೈಯಿಂದ ಇಟ್ಟದ್ದು. ಬದಲಿಸಬೇಡಿ.'

"ಇಲ್ಲೇ ಇದೆ ನೋಡಿ ಗುಟ್ಟು," ಎಂದ ತಂತಿರಾಯ. "ಸಣ್ಣ ಯಜಮಾನ್ರು ಈ ಕಂಪ್ಯೂಟರಿಗೆ ಒಂದು ನಡತೆ ಗೊತ್ತುಮಾಡಿದ್ರು: ಮಾತಾಡ್ತಾನೂ ಇರು, ಕೇಳಿಸಿಕೊಳ್ತಾನೂ ಇರು. ಹಳೇ ಪೆಟ್ಟಿಗೆಗೂ ಅದನ್ನೇ ಹೇಳಿಟ್ಟಿದ್ರು. ಎರಡೂ ಒಂದೇ ಮಾತಿನ ಮೇಲಿದ್ವು. ನೀವು ತಂದ ಹೊಸ ಪೆಟ್ಟಿಗೆ ಹಾಗಲ್ಲ. ಎದುರಿನವರು ಯಾವ ಥರ ಅಂತ ತಾನೇ ಕೇಳಿ ತಿಳ್ಕೊಳ್ಳುತ್ತೆ. ಇದು ಉತ್ತರ ಕೊಡಲ್ಲ, ಕೈಯಿಂದ ಬಿಗಿದಿದೆಯಲ್ಲ. ಪಾಪ ಪೆಟ್ಟಿಗೆ ಹೆದರಿಕೊಂಡು, ಒಬ್ಬರು ಮುಗಿಸೋವರೆಗೂ ಇನ್ನೊಬ್ಬರು ಸುಮ್ಮನಿರೋದು ಅಂತ ತೀರ್ಮಾನ ಮಾಡ್ಕೊಂಡಿದೆ. ಇದು ನಿಲ್ಲಿಸದೆ ಮಾತಾಡುತ್ತೆ, ಪೆಟ್ಟಿಗೆ ಅದನ್ನ ಗದ್ದಲ ಅಂದ್ಕೊಂಡು ಎಲ್ಲಾ ಚೆಲ್ಲಿಬಿಡುತ್ತೆ. ಮತ್ತೆ ಮೊದಲಿಂದ. ನಮ್ಮ ಮನೇಲಿ ನಾನೂ ನನ್ನ ಹೆಂಡತೀನೂ ಇದ್ದ ಹಾಗೆ."

"ಈಗೇನು ಮಾಡಬೇಕು?"

"ಕೈಯಿಂದ ಇಟ್ಟಿದ್ದನ್ನ ತೆಗೆದು, ನೀನೂ ಕೇಳಿ ತಿಳ್ಕೋ ಅಂತ ಇದಕ್ಕೂ ಹೇಳೋದು. ಅರ್ಧ ನಿಮಿಷದ ಕೆಲಸ."

"ಆಗೋದಿಲ್ಲ," ಎಂದ ಅಣ್ಣ.

ಅಪ್ಪನ ಕಾಲದಿಂದ ಬಂದ ಮಾತದು. ಒಬ್ಬ ಕೆಲಸಗಾರ ಹೂಡಿಟ್ಟ ಉಪಕರಣದ ತಿರುಪನ್ನು ಇನ್ನೊಬ್ಬ ಅವನನ್ನು ಕೇಳದೆ ಮುಟ್ಟಬಾರದು. ಉಳಿಯ ಅಳತೆಯಾಗಲಿ, ಹೊಲಿಗೆಯ ಬಿಗಿಯಾಗಲಿ. ಐವತ್ತು ವರ್ಷ ಅಣ್ಣತಮ್ಮಂದಿರು ಅದನ್ನು ಮೀರಿರಲಿಲ್ಲ. ಈಗ ಕೇಳೋಣವೆಂದರೆ ಕೇಳಿಸಿಕೊಳ್ಳುವವನಿಲ್ಲ. ತಮ್ಮನ ಕೈ ಕೊನೆಯದಾಗಿ ಇಟ್ಟಂತೆ ಇದ್ದದ್ದು ಆ ಕೋಣೆಯಲ್ಲಿ ಇನ್ನೆಷ್ಟು ಉಳಿದಿತ್ತು?

ಹಳೆಯ ಕಂಪ್ಯೂಟರು ಟಿಕ್ ಎಂದಿತು. ಬಹಳ ಹೊತ್ತು ಸುಮ್ಮನಿತ್ತು. ಮತ್ತೆ ಟಿಕ್, ಟಿಕ್, ಟಿಕ್.

"ಭಾವ," ಎಂದಳು ತಮ್ಮನ ಹೆಂಡತಿ. ದನಿ ಮೆತ್ತಗಿತ್ತು, ಮಾತು ಮೆತ್ತಗಿರಲಿಲ್ಲ. "ಅವರು ಇಟ್ಟಿದ್ದು ಒಂದಲ್ಲ, ಎರಡು. ಪೆಟ್ಟಿಗೇಲಿ ಅರ್ಧ, ಇದರಲ್ಲಿ ಅರ್ಧ. ಆ ಅರ್ಧನ ಗುಜರಿಗೆ ಹಾಕುವಾಗ ನೀವು ಯಾರನ್ನ ಕೇಳಿದ್ರಿ?"

ಅಣ್ಣ ಗೋಡೆಯ ಪೆಟ್ಟಿಗೆಯ ಕಡೆ ನೋಡಿದ. ಅದು ಅವನಿಗೆ ಹೊಳೆದೇ ಇರಲಿಲ್ಲ. ಭಕ್ತಿಯಿಂದ ಒಂದು ಅರ್ಧವನ್ನು ಕಾಯುತ್ತ ಕೂತವನು ಇನ್ನೊಂದು ಅರ್ಧವನ್ನು ತಾನೇ ಕಿತ್ತು ಎಸೆದಿದ್ದ. ಆ ಹದಿನೇಳು ದಿನಗಳನ್ನು ತಂದೊಡ್ಡಿದ್ದು ತನ್ನ ಕೈಯೇ.

"ಗೊತ್ತಿರಲಿಲ್ಲಮ್ಮ," ಎಂದ.

"ಗೊತ್ತು ನನಗೆ. ಕೇಳಲೇಬೇಕು ಅಂತಿದ್ರೆ ನನ್ನ ಕೇಳಿ. ಅವರ ಬದಲಿಗೆ ನಾನು ಹೇಳ್ತೀನಿ."

ಅಣ್ಣ ಎದ್ದು ನಿಂತ. ವಯಸ್ಸಿನಲ್ಲಿ ಕಿರಿಯಳಾದ ಆಕೆಯ ಮುಂದೆ, ಅಪ್ಪನ ಮುಂದೆ ನಿಲ್ಲುತ್ತಿದ್ದಂತೆ ನಿಂತು ಕೇಳಿದ. "ತಿರುಗಿಸಲೇ?"

"ತಿರುಗಿಸಿ."

ತಂತಿರಾಯ ಕುರ್ಚಿ ಬಿಟ್ಟೆದ್ದ. ಅಣ್ಣ ಮೊದಲ ಬಾರಿಗೆ ತಮ್ಮನ ಕುರ್ಚಿಯಲ್ಲಿ ಕೂತ. ಸೊಟ್ಟ ಕಾಲಿಗೆ ಅನುಕೂಲವಾಗಲೆಂದು ತಗ್ಗಿಸಿದ್ದ ಕುರ್ಚಿ. ಮೊಣಕಾಲು ಎದೆಗೆ ಬಂತು. ದಾಟುತ್ತಿದ್ದ ಪಾದ ಪೂರ್ತಿಯಾಗುವವರೆಗೆ ಕಾದು, ತಂತಿರಾಯ ತೋರಿಸಿದ ಜಾಗದಲ್ಲಿ ಒತ್ತಿದ. ಕೂಡಲೇ ಜೋಡಣೆ ಕಡಿದುಹೋಯಿತು. ಗೋಡೆಯ ಪೆಟ್ಟಿಗೆಯ ದೀಪ ಆರಿತು. ಅಣ್ಣ ಒಳಗೊಳಗೇ ದೇವರ ಹೆಸರನ್ನು ಎಣಿಸಿದ. ಏಳನೆಯ ಸಲಕ್ಕೆ ದೀಪ ಮತ್ತೆ ಹತ್ತಿತು.

ಪಟ್ಟಿ ಮುಂದುವರಿಯಿತು. ಒಂದು ನಿಮಿಷ ತುಂಬುವಷ್ಟರಲ್ಲಿ ಒಂದು ಪಾದ ದಾಟಿತ್ತು.

"ಈಗ ಮಾತುಕತೆ ಸರಿಹೋಯ್ತು," ಎಂದ ತಂತಿರಾಯ. "ನಮ್ಮ ಮನೇದು ಯಾವಾಗಲೋ."

ಆ ದಿನ ಯಾರೂ ಸರಿಯಾಗಿ ಉಣ್ಣಲಿಲ್ಲ. ಒಂದು ನಿಮಿಷಕ್ಕೆ ಒಂದು ಪಾದ ಎಂದರೂ ಇನ್ನೂ ಹತ್ತು ಗಂಟೆಯ ದಾರಿ. ಟಿಕ್ ಸದ್ದು ಹೊತ್ತೇರಿದಂತೆ ದಟ್ಟವಾಯಿತು. ಅಣ್ಣ ಕುರ್ಚಿ ಬಿಟ್ಟು ಕದಲಲಿಲ್ಲ. ಬ್ಯಾಂಕಿನ ಗುಮಾಸ್ತ ದಾಟಿದಾಗ ತಮ್ಮನ ಹೆಂಡತಿ, "ಬಂದ್ರಾ ಸ್ವಾಮಿಗಳು," ಎಂದಳು. ಸಂಜೆ ಐದೂಮುಕ್ಕಾಲಿಗೆ ಬದುಕಿರುವವರ ಕೊನೆಯ ಪಾದ ಹೊಸ ಕಂಪ್ಯೂಟರಿಗೆ ಸೇರಿತು. ಅಣ್ಣ ಪಟ್ಟಿಯಲ್ಲಿ ಅಲ್ಲೊಂದು ಗೆರೆ ಎಳೆದ. ನಂತರ ತೀರಿಕೊಂಡವರು ಒಬ್ಬೊಬ್ಬರಾಗಿ ಹೊರಟರು.

ಹದಿನಾರು ದಾಟಿದ್ದವು. ಹಳೆಯ ಕಂಪ್ಯೂಟರಿನೊಳಗೆ ಒಮ್ಮೆ ಕರಕರ ಎಂದಿತು. ಆಮೇಲೆ ಟಿಕ್ ಸದ್ದೂ ಇಲ್ಲ. ಪರದೆಯ ಮೇಲಿನ ಪಟ್ಟಿ ಅಲ್ಲಾಡದೆ ನಿಂತಿತು. ತಂತಿರಾಯ ಬಗ್ಗಿ ಕಿವಿಯಿಟ್ಟು, ತಲೆಯಲ್ಲಾಡಿಸಿದ.

ಉಳಿದ ಇಪ್ಪತ್ತಾರರಲ್ಲಿ ಕೊನೆಯವೆರಡು ಯಾರವೆಂದು ಮೂವರಿಗೂ ಗೊತ್ತಿತ್ತು. ತಂತಿರಾಯ ಸದ್ದಿಲ್ಲದೆ ಹೊರಗಿನ ಕೋಣೆಗೆ ಹೋದ.

"ನಾನೇ ಬರೆದೆ ಕೊನೇಲಿ," ಎಂದ ಅಣ್ಣ.

"ನಾನೇ ಹೇಳಿದ್ದು," ಎಂದಳು ಆಕೆ. "ಬಂದವರೆಲ್ಲ ಎದ್ದುಹೋದ ಮೇಲೆ ತಾನೆ ಅವರು ಊಟಕ್ಕೆ ಏಳ್ತಿದ್ದಿದ್ದು." ಅಷ್ಟು ಹೇಳುವಷ್ಟರಲ್ಲಿ ಇಪ್ಪತ್ತು ದಿನ ಹಿಡಿದಿಟ್ಟ ಅಳು ಬಂತು. ಅಣ್ಣ ತಡೆಯಲಿಲ್ಲ.

ಅಳು ನಿಂತ ಮೇಲೆ ಆಕೆ ಟೀಚರಮ್ಮನ ಬೂಟಿನ ಚರ್ಮವನ್ನು ತೊಡೆಯ ಮೇಲೆಳೆದುಕೊಂಡಳು. ಹೊರಗಿನ ಕೋಣೆಯಲ್ಲಿ ಅಚ್ಚು ಕೊರೆಯುವ ಯಂತ್ರಕ್ಕೆ ಅದೇ ಪಾದದ ಆಕಾರವನ್ನು ಕೊಡಬೇಕಿತ್ತು. ಅಣ್ಣ ಎದ್ದವನು ಬಾಗಿಲ ಬಳಿ ನಿಂತು, ಕಣ್ಣು ಮುಚ್ಚಿ, ಕೈ ಜೋಡಿಸಿದ.

ದೇವರೇ, ನನ್ನ ತಮ್ಮ ಹುಟ್ಟಿದಂದಿನಿಂದ ನೋವಿಲ್ಲದೆ ಒಂದು ಹೆಜ್ಜೆ ಇಟ್ಟವನಲ್ಲ. ಊರ ಕಾಲುಗಳ ನೋವನ್ನು ತನ್ನದೆಂದು ತಿಳಿದವನು. ನನ್ನ ತಿಳಿಗೇಡಿತನವನ್ನು ಅವನೂ ಕ್ಷಮಿಸಲಿ, ನೀನೂ ಕ್ಷಮಿಸು. ಅವನಿಗೆ ಇನ್ನು ನಡೆಯುವ ಶ್ರಮ ಬೇಡ. ನಿನ್ನ ಪಾದದ ಬಳಿ ಅವನನ್ನು ಕೂರಿಸಿಕೋ. ಅವನ ಆತ್ಮ ತಣ್ಣಗಿರಲಿ.