ಎಂಟನೇ ನಂಬರ್‌ನ ವರದಿ

1998ರ ನವೆಂಬರ್ 21, ಶನಿವಾರ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಗುಬ್ಬಿ ಹೈಸ್ಕೂಲು ತಂಡದ ಎಂಟನೇ ನಂಬರ್ ಆಟಗಾರ ರವೀಶನ ಮೂಗು ಮುರಿಯಿತು. ತುಮಕೂರಿನ ಮರಳೂರಿನಲ್ಲಿ, ಸಿಮೆಂಟ್ ಅಂಕಣದ ಮೇಲೆ ನಡೆಯುತ್ತಿದ್ದ ಜಿಲ್ಲಾ ಬಾಸ್ಕೆಟ್‌ಬಾಲ್ ಫೈನಲ್ ಅದು. ಎದುರಾಳಿ ಕುಣಿಗಲ್ ಕಡೆಯ ತಂಡ. ಆ ತಂಡದ ಹನ್ನೊಂದನೇ ನಂಬರ್ ನಾಗಭೂಷಣ್ ಹಣೆಯಿಂದ ಗುದ್ದಿದ್ದ.

ಅನಂತರಾಜು ಅದನ್ನು ಹದಿನೈದು ಅಡಿ ದೂರದಿಂದ, ವೇದಿಕೆಯ ಕುರ್ಚಿಯಲ್ಲಿ ಶಾಲು ಹೊದ್ದು ಕೂತು ನೋಡಿದರು.

ಅವರು ವೇದಿಕೆ ಮೇಲೆ ಇರಬೇಕಾದವರಲ್ಲ. ಬೆಂಗಳೂರಿನ ಒಂದು ಕ್ರೀಡಾ ಹಾಸ್ಟೆಲ್‌ಗಾಗಿ ಹುಡುಗರ ಆಟ ನೋಡಿ ವರದಿ ಬರೆಯುವುದು ಅವರ ಕೆಲಸ. ಹನ್ನೊಂದು ವರ್ಷ ಜನರ ನಡುವೆ ನಿಂತು, ಯಾರಿಗೂ ಹೇಳದೆ ನೋಡಿ, ಬಸ್ಸು ಹತ್ತಿ ಹೋಗುತ್ತಿದ್ದರು. ಆದರೆ ಹಿಂದಿನ ತಿಂಗಳು ರವೀಶನನ್ನು ನೋಡಲೆಂದೇ ಗುಬ್ಬಿಗೆ ಹೋದಾಗ ಅವನು ಜ್ವರ ಬಂದು ಮಲಗಿದ್ದ. ಮತ್ತೊಮ್ಮೆ ಬರಿಗೈಯಲ್ಲಿ ವಾಪಸಾಗುವುದು ಬೇಡವೆಂದು ಈ ಸಲ ಪಂದ್ಯದ ವ್ಯವಸ್ಥಾಪಕರಿಗೆ ಮೂರು ಸಾಲಿನ ಕಾಗದ ಬರೆದರು: ಗುಬ್ಬಿಯ ಎಂಟನೇ ನಂಬರ್ ಆಟಗಾರನನ್ನು ನೋಡಬೇಕಾಗಿದೆ, ಅವನು ಆಡುವುದು ಖಚಿತವೇ ತಿಳಿಸಿ.

ಅತಿಥಿಯನ್ನು ಸುಮ್ಮನೆ ಕೂರಿಸುವ ಪದ್ಧತಿ ಆ ಕಡೆ ಇಲ್ಲ. ಹಾರ ಹಾಕಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಅತಿಥಿಯ ದೊಡ್ಡತನ ಎಲ್ಲರಿಗೂ ಗೊತ್ತಾಗಲೆಂದು ವ್ಯವಸ್ಥಾಪಕರು ಆ ಕಾಗದವನ್ನೂ ಮೈಕಿನಲ್ಲಿ ಓದಿದರು.

ವೇದಿಕೆಯ ಪಕ್ಕದಲ್ಲೇ ಕುಣಿಗಲ್ ತಂಡ ನಿಂತಿತ್ತು. ಅದರ ಪಿ.ಟಿ. ಮೇಷ್ಟ್ರು ಚಿಕ್ಕಮಾರಯ್ಯ ಹುಡುಗರನ್ನು ಹತ್ತಿರಕ್ಕೆ ಕರೆದರು.

"ಕೇಳುದ್ರೇನ್ಲಾ? ಅವನೊಬ್ಬುನ್ನೇ ನೋಡಕ್ಕೆ ಬಂದವ್ರಂತೆ ಸಾಹೇಬ್ರು. ನೀವೇನು ಕಡ್ಲೆಪುರಿ ತಿನ್ನಕ್ಕೆ ಬಂದಿದೀರಾ?"

"ಇಲ್ಲ ಸಾ."

"ಒಬ್ಬೊಬ್ಬುನ್ಗೂ ಐದೈದು ಫೌಲವೆ. ಮನೇಗ್ ತಗಂಡೋಗ್ಬ್ಯಾಡಿ."

ಅನಂತರಾಜುಗೆ ಪ್ರತಿ ಮಾತೂ ಕೇಳಿಸಿತು. ಎದ್ದು ಹೋಗಿ ರೆಫರಿಗೆ ಹೇಳಬಹುದಿತ್ತು. ಹೇಳಲಿಲ್ಲ. ಪುಸ್ತಕ ತೆರೆದರು.

ರವೀಶನದು ಪವರ್ ಫಾರ್ವರ್ಡ್ ಜಾಗ. ಬುಟ್ಟಿಯ ಕೆಳಗೆ ಭುಜಕ್ಕೆ ಭುಜ ಕೊಟ್ಟು ನಿಂತು, ಬೋರ್ಡಿಗೆ ಬಡಿದು ಬರುವ ಚೆಂಡನ್ನು, ಅಂದರೆ ರಿಬೌಂಡನ್ನು, ಕಿತ್ತುಕೊಳ್ಳಬೇಕಾದವನು. ಎತ್ತರ ಆರಡಿ ಒಂದಿಂಚು. ಹತ್ತನೇ ತರಗತಿ. ಹಾಸ್ಟೆಲ್‌ನಲ್ಲಿ ಆ ಜಾಗಕ್ಕೆ ಇದ್ದದ್ದು ಒಂದೇ ಸೀಟು, ಜನವರಿಗೆ ಅವನ ವಯಸ್ಸು ಮೀರುತ್ತಿತ್ತು. ಅವನಿಗೆ ಇದು ಮೊದಲ ಅವಕಾಶ, ಕೊನೆಯದೂ ಹೌದು.

ಎರಡನೇ ನಿಮಿಷದಲ್ಲಿ ತೊಡೆಗೆ ಮಂಡಿ ಬಿತ್ತು. ಆರನೇ ನಿಮಿಷದಲ್ಲಿ ಅವನು ಗಾಳಿಯಲ್ಲಿದ್ದಾಗ ಇಬ್ಬರು ಒಟ್ಟಿಗೆ ತಳ್ಳಿದರು. ಮೊಣಕೈ ಸಿಮೆಂಟಿಗೆ ಉಜ್ಜಿ ಅಂಗೈಯಗಲ ಚರ್ಮ ಕಿತ್ತುಬಂತು. ಕುಣಿಗಲ್ ಹುಡುಗನೊಬ್ಬ ಎಬ್ಬಿಸುವಂತೆ ಕೈ ಕೊಟ್ಟು, ಅವನ ಬೆರಳುಗಳನ್ನು ಹಿಂದಕ್ಕೆ ಮಡಚಿದ. "ನೋಡ್ತಾವ್ರೆ, ನಗ್ಲಾ," ಎಂದ. ಅನಂತರಾಜು ಬರೆದುಕೊಂಡರು: ಬಿದ್ದ ಮೇಲೆ ಮೂರು ಸೆಕೆಂಡಿಗೆ ಎದ್ದ. ಎಡಗೈ ಬಲಗೈಯಷ್ಟೇ ಚುರುಕು. ಚೆಂಡು ಎಲ್ಲಿ ಬೀಳುತ್ತದೆಂದು ಇತರರಿಗಿಂತ ಮೊದಲೇ ತಿಳಿಯುತ್ತದೆ.

ಅರ್ಧ ಆಟ ಮುಗಿದಾಗ ಗುಬ್ಬಿ 24, ಕುಣಿಗಲ್ 21. ಐದೈದು ಫೌಲು ಮುಗಿಸಿ ಕುಣಿಗಲ್‌ನ ಇಬ್ಬರು ಹೊರಬಿದ್ದಿದ್ದರು. ಹೊರಬಂದವರ ಬೆನ್ನು ತಟ್ಟಿ ಚಿಕ್ಕಮಾರಯ್ಯ ನೀರು ಕೊಟ್ಟರು.

ನಾಲ್ಕೂ ಹತ್ತಕ್ಕೆ ಮೂಗು ಹೋಯಿತು. ಹಸಿ ಕಡ್ಡಿ ಮುರಿದ ಸದ್ದು ವೇದಿಕೆಗೂ ಕೇಳಿಸಿತು. ಬನಿಯನ್ನಿನ ಮೇಲಿನ ಎಂಟು ರಕ್ತದಲ್ಲಿ ಮುಚ್ಚಿಹೋಯಿತು. ಗುಬ್ಬಿ ಕಡೆಯವರು ಸೋಡಾ ಬಾಟಲಿ ಎಸೆದರು. ಅದು ರೆಫರಿಯ ಕಾಲ ಬಳಿ ಒಡೆಯಿತು. ಗುಬ್ಬಿಯ ಪಿ.ಟಿ. ಟೀಚರ್ ಪ್ರೇಮಲತಾ ಎರಡೂ ಹೊಳ್ಳೆಗೆ ಹತ್ತಿ ತುರುಕಿದರು.

"ಕೂತ್ಕೋ ಸಾಕು. ಸತ್ತೋಗ್ತೀಯ."

"ಆಡ್ತೀನಿ ಮಿಸ್."

ಮುರಿದ ಮೂಗಿನಲ್ಲಿ ಅವನು ಹನ್ನೊಂದು ನಿಮಿಷದಲ್ಲಿ ಏಳು ಬಾರಿ ಚೆಂಡು ಕಿತ್ತುಕೊಂಡ. ಗುದ್ದಿದ್ದಕ್ಕೆ ಒಂದೇ ಫೌಲು ಪಡೆದು ಉಳಿದಿದ್ದ ನಾಗಭೂಷಣ್ ಅಷ್ಟೂ ಹೊತ್ತು ಪಕ್ಕದಲ್ಲೇ ಇದ್ದ. ಪ್ರತಿ ಬಾರಿಯೂ ಅಂಗೈಯನ್ನು ಮೂಗಿನ ಹತ್ತಿರಕ್ಕೇ ತರುತ್ತಿದ್ದ. "ಇನ್ನೂ ವಸಿ ಐತೆ ಕಣ್ಲಾ, ಅದುನ್ನೂ ಕೀಳ್ತೀನಿ," ಎನ್ನುತ್ತಿದ್ದ.

ಎಂಟನೇ ಬಾರಿ ರವೀಶ್ ಚೆಂಡನ್ನು ಎದೆಗೆ ಅವುಚಿಕೊಂಡು ನೆಲಕ್ಕಿಳಿದ. ಎಡಕ್ಕೆ ತಲೆ ತಿರುಗಿಸಿ ಹಿಂದೆ ನೋಡಿದ. ಆಮೇಲೆ ಮೊಣಕೈ ಬೀಸಿದ.

ನಾಗಭೂಷಣನ ಎರಡು ಹಲ್ಲು ಅಂಕಣದ ಮೇಲೆ ಬಿದ್ದವು. ದವಡೆ ಪಕ್ಕಕ್ಕೆ ಸರಿಯಿತು. ರೆಫರಿ ಅವರಿಬ್ಬರ ಹಿಂದೆ ಇದ್ದರು. ಏನೂ ಕಾಣದ್ದರಿಂದ ಶಿಳ್ಳೆ ಊದಲಿಲ್ಲ. ಚಿಕ್ಕಮಾರಯ್ಯ ಬೆತ್ತ ಹಿಡಿದು ಓಡಿಬಂದು ರವೀಶನ ಬೆನ್ನಿಗೆ ಮೂರು ಏಟು ಹಾಕಿದರು. ನಾಲ್ಕನೆಯದು ಅಡ್ಡಬಂದ ಪ್ರೇಮಲತಾ ಅವರ ಕೈಗೆ ಬಿತ್ತು. ಜನ ಅಂಕಣಕ್ಕೆ ನುಗ್ಗಿದರು. ಕುರ್ಚಿಗಳು ಹಾರಿದವು. ಪೊಲೀಸರು ಬಂದಾಗ ನಾಲ್ಕೂ ಮೂವತ್ತೈದು. ಗುಬ್ಬಿ 41, ಕುಣಿಗಲ್ 38 ಇದ್ದಾಗ ಪಂದ್ಯ ನಿಂತುಹೋಯಿತು.

ಆರು ಗಂಟೆಗೆ ಆಸ್ಪತ್ರೆಯ ಬೆಂಚಿನ ಮೇಲೆ ರವೀಶ್ ಮುಖಕ್ಕೆ ಪಟ್ಟಿ ಹಾಕಿಸಿಕೊಂಡು ಕೂತಿದ್ದ. ಪ್ರೇಮಲತಾ ಊದಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅವನ ಪಕ್ಕ ಕೂತಿದ್ದರು. ಅನಂತರಾಜು ಅಲ್ಲಿಗೆ ಬಂದು ನಿಂತರು.

"ಉಸಿರಾಡಕ್ಕೆ ಆಗ್ತಿದೆಯೇನಪ್ಪಾ?"

"ಬಾಯಲ್ಲಿ ಆಯ್ತದೆ ಸಾ."

"ಬಾಲ್ ಹಿಡಿದ್ಮೇಲೆ ಹಿಂದೆ ತಿರುಗಿ ನೋಡ್ದೆ. ಯಾಕೆ?"

ಪ್ರೇಮಲತಾ ಮಧ್ಯೆ ಬಂದರು. "ಪಾಸ್ ಕೊಡಕ್ಕೆ ಯಾರಿದಾರೆ ಅಂತ ನೋಡಿರ್ತಾನೆ ಸಾರ್. ಅಲ್ವೇನೋ?"

ಹುಡುಗ ಬಾಯಿಗೆ ಇಳಿದಿದ್ದ ಪಟ್ಟಿಯನ್ನು ಮೇಲಕ್ಕೆ ಸರಿಸಿದ.

"ಅವನ ಬಾಯಿ ಎಲ್ಲೈತೆ ಅಂತ ನೋಡ್ದೆ ಸಾ."

"ಥೂ ನಿನ್ನ! ಒಂದ್ ಸುಳ್ ಹೇಳಕ್ಕೂ ಬರಲ್ವೇನೋ ನಿಂಗೆ?" ಪ್ರೇಮಲತಾ ಅನಂತರಾಜು ಕಡೆ ತಿರುಗಿದರು. "ರೆಫರಿಯೇ ನೋಡಿಲ್ಲ ಸಾರ್. ಕೈ ತಗುಲ್ತು ಅಂತ ಬರೀರಿ. ನಿಮಗೇನು ನಷ್ಟ?"

"ನಾನು ನೋಡಿದೀನಲ್ಲ ಮೇಡಂ."

"ನಿಮ್ ಕಾಗದ ಮೈಕಲ್ಲಿ ಓದ್ದೆ ಇದ್ದಿದ್ರೆ ಇವನ ಮೂಗೂ ನೆಟ್ಟಗಿರ್ತಿತ್ತು, ಅವನ ಹಲ್ಲೂ ಇರ್ತಿತ್ತು. ಅದನ್ನೂ ಬರೀತೀರಾ?"

"ಬರೀತೀನಿ."

ಭಾನುವಾರ ಬೆಳಿಗ್ಗೆ ಶೆಟ್ಟಿಹಳ್ಳಿಯ ತಮ್ಮ ಮನೆಯಲ್ಲಿ ಅನಂತರಾಜು ವರದಿ ಬರೆದರು. ಎರಡು ಹಾಳೆ ಆಯಿತು. ಇಪ್ಪತ್ತೊಂದು ರಿಬೌಂಡ್, ಎಡಗೈ, ನೋವು ತಡೆಯುವ ಶಕ್ತಿ, ಚೆಂಡಿನ ಅಂದಾಜು: ಹನ್ನೊಂದು ವರ್ಷದಲ್ಲಿ ಈ ಜಾಗಕ್ಕೆ ಇಂಥ ಆಟಗಾರನನ್ನು ಕಂಡಿಲ್ಲ ಎಂದು ಬರೆದರು. ಮುಂದಿನ ಪ್ಯಾರಾದಲ್ಲಿ, ಆಟಗಾರ ಎದುರಾಳಿಯ ಮುಖವನ್ನು ನೋಡಿ, ಗುರಿಯಿಟ್ಟು ಹೊಡೆದ ಎಂದು ಬರೆದರು. ತಮ್ಮ ಕಾಗದದಿಂದಲೇ ಅವನು ಗುರಿಯಾದನೆಂದೂ, ಮೇಷ್ಟ್ರ ಮಾತು ಕೇಳಿಯೂ ತಾವು ಸುಮ್ಮನಿದ್ದದ್ದು ತಪ್ಪೆಂದೂ ಬರೆದು ಸಹಿ ಹಾಕಿದರು.

ಹಾಸ್ಟೆಲ್ ಸಮಿತಿ ಡಿಸೆಂಬರ್ 14ರಂದು ಸೇರಿತು. ವರದಿಯನ್ನು ಪೂರ್ತಿ ಓದಿ, ಇದ್ದ ಒಂದೇ ಸೀಟನ್ನು ಮಂಡ್ಯದ ಹುಡುಗನೊಬ್ಬನಿಗೆ ಕೊಟ್ಟಿತು.