ವಿಮಾನದ ಲಾವಣಿ

ಪ್ರೀತಿ ವಿಮಾನಗಳನ್ನು ಬಾಡಿಗೆಗೆ ಕೊಡುವ ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ ಎಂದರೆ ಜಮಖಂಡಿಯಲ್ಲಿ ಮೊದಲ ಸಲಕ್ಕೆ ಯಾರೂ ನಂಬುತ್ತಿರಲಿಲ್ಲ. ಟ್ರ್ಯಾಕ್ಟರು ಬಾಡಿಗೆಗೆ ಸಿಗುತ್ತದೆ, ಮದುವೆಗೆ ಪೆಂಡಾಲು ಸಿಗುತ್ತದೆ, ವಿಮಾನವನ್ನು ಯಾರು ಯಾರಿಗೆ ಕೊಡುತ್ತಾರೆ ಎಂದು ನಗುತ್ತಿದ್ದರು. ತಟ್ಟನೆ ತಿಳಿದುಕೊಂಡವರು ಅವಳ ತಂದೆ ಶಿವಯೋಗೆಪ್ಪ ಒಬ್ಬರೇ. ಸಾವಳಗಿಯ ಹೊಲವನ್ನು ವರ್ಷಾ ವರ್ಷಾ ಲಾವಣಿಗೆ, ಅಂದರೆ ಗುತ್ತಿಗೆಗೆ, ಹಾಕಿದ ಮನುಷ್ಯ. ಹೊಲ ನಮ್ಮದು, ಉಳುಮೆ ಅವನದು, ಬೆಳೆ ಬರಲಿ ಬಿಡಲಿ ಹೇಳಿದ ದಿನ ಹೇಳಿದಷ್ಟು ಕೊಡಬೇಕು. ಹಾಗಾದರೆ ನಿಮ್ಮದು ವಿಮಾನದ ಲಾವಣಿ ಅನ್ನು ಎಂದವರು, ಅಂದಿನಿಂದ ಬಂದವರಿಗೆಲ್ಲ ಹಾಗೇ ಹೇಳತೊಡಗಿದರು. ಮಗಳು ಅಷ್ಟೆಲ್ಲ ಓದಿ ಕಲಿತದ್ದನ್ನು ಈ ಅಪ್ಪ ಎರಡೇ ಶಬ್ದಕ್ಕೆ ಇಳಿಸಿಬಿಟ್ಟರಲ್ಲ ಎಂದು ಪ್ರೀತಿಗೆ ಸಣ್ಣ ಸಿಟ್ಟೂ ಇತ್ತು.

ಅವಳು ಎರಡು ಸಾವಿರದ ಇಪ್ಪತ್ತರ ಯುಗಾದಿಗೆಂದು ಮುಂಬೈಯಿಂದ ಊರಿಗೆ ಬಂದವಳು, ಲಾಕ್‌ಡೌನಿಗೆ ಸಿಕ್ಕು ಅಲ್ಲೇ ಉಳಿದಳು. ಮಾಳಿಗೆಯ ಮೇಲಿನ ಕೋಣೆಯೇ ಆಫೀಸಾಯಿತು. ಲೋಕದ ವಿಮಾನಗಳೆಲ್ಲ ನೆಲಕ್ಕಿಳಿದು ಕೂತಿದ್ದವು. ಹಾರದಿದ್ದರೆ ಟಿಕೆಟ್ಟಿಲ್ಲ, ಟಿಕೆಟ್ಟಿಲ್ಲದಿದ್ದರೆ ಬಾಡಿಗೆಯಿಲ್ಲ. ವಿಮಾನ ಕೊಳ್ಳಲು ಸಾಲ ಕೊಟ್ಟ ಬ್ಯಾಂಕುಗಳು ಮಾತ್ರ ಯಾವ ರೋಗಕ್ಕೂ ಅಂಜದೆ ತಪ್ಪದೆ ಕಂತು ಕೇಳುತ್ತಿದ್ದವು. ಆ ಬೇಸಿಗೆಯಿಡೀ ಪ್ರೀತಿ ಮಾಡಿದ ಕೆಲಸವೆಂದರೆ ಒಬ್ಬರಿಗೆ ಗಡುವು ಮುಂದೂಡಿಸುವುದು, ಇನ್ನೊಬ್ಬರಿಗೆ ಹಾರಿದ ಗಂಟೆಗಷ್ಟೇ ಬಾಡಿಗೆ ಎಂದು ಕರಾರು ತಿದ್ದಿಸುವುದು, ಬ್ಯಾಂಕಿನವರನ್ನು ಸಮಾಧಾನ ಮಾಡುವುದು. ಅದರಲ್ಲಿ ಅವಳ ಕೈ ಪಳಗಿತ್ತು. ಆದರೆ ಹಿಂದಿನ ಓಣಿಯ ಕೌಸ್ತುಭನ ಹತ್ತಿರ ಮಾತ್ರ ಅದು ನಡೆಯಲಿಲ್ಲ.

ಕೌಸ್ತುಭ ಈಶಾನ್ಯದ ಗುಡ್ಡಗಾಡು ಊರುಗಳಿಗೆ ಹಾರುವ ಸಣ್ಣ ವಿಮಾನ ಕಂಪನಿಯೊಂದರ ಹಣಕಾಸು ನೋಡಿಕೊಳ್ಳುತ್ತಿದ್ದ. ಜಮಖಂಡಿಯವನೇ, ಪ್ರೀತಿಯ ಕಾಲೇಜಿನಲ್ಲೇ ಅವಳಿಗಿಂತ ಮುಂದೆ ಓದಿದವನು. ಅವರ ಕಂಪನಿಗೆ ಪಂಖದಿಂದ ಹಾರುವ ಎರಡು ವಿಮಾನಗಳನ್ನು ಲಾವಣಿಗೆ ಕೊಡಿಸಿದವಳು ಪ್ರೀತಿಯೇ. ಇಷ್ಟು ಸಣ್ಣವರಿಗೆ ಯಾಕೆ ಎಂದು ಮುಂಬೈ ಆಫೀಸಿನವರು ಮೂಗು ಮುರಿದಾಗ, ಆ ಮನುಷ್ಯ ಮಾತಿಗೆ ತಪ್ಪುವವನಲ್ಲ ಎಂದು ತನ್ನ ಹೆಸರನ್ನೇ ಒತ್ತೆ ಇಟ್ಟಂತೆ ವಾದಿಸಿದ್ದಳು. ಈಗ ಅವನೂ ತಾಯಿ ಇಂದಿರಾಬಾಯಿಯ ಜೊತೆ ಊರಲ್ಲೇ ಇದ್ದ. ಲಾವಣಿ ಕೊಟ್ಟವರು ಒಂದು ಓಣಿ, ತೆಗೆದುಕೊಂಡವರು ಮತ್ತೊಂದು ಓಣಿ. ವಿಮಾನಗಳು ಮಾತ್ರ ಎಲ್ಲೋ ದೂರ ಮಳೆಯಲ್ಲಿ ನೆನೆಯುತ್ತ ನಿಂತಿದ್ದವು.

ಬಾಡಿಗೆ ಬಾಕಿ ನಿಂತ ಮೇಲೂ ಮೊದಮೊದಲು ಅವನು ಫೋನು ಎತ್ತುತ್ತಿದ್ದ. ಮಳೆಗಾಲ ಹಿಡಿದ ಮೇಲೆ ಎತ್ತುವುದನ್ನು ಬಿಟ್ಟ. ಮೇಲ್‌ಗೆ ಉತ್ತರವಿಲ್ಲ. ಒಮ್ಮೆ ಕಾಯಿಪಲ್ಲೆ ಗಾಡಿಯ ಹತ್ತಿರ ಎದುರಾದವನು ಮಾಸ್ಕನ್ನು ಕಣ್ಣಿನ ತನಕ ಎಳೆದುಕೊಂಡು ಪಕ್ಕದ ಸಂದಿಯಲ್ಲಿ ಹೊಕ್ಕುಬಿಟ್ಟ. ಬದನೆಕಾಯಿ ಆರಿಸುತ್ತಿದ್ದ ಪ್ರೀತಿಗೆ ಕೆನ್ನೆಗೆ ಹೊಡೆದಂತಾಯಿತು. ಹಾಗೆಂದು ಅವನ ಮನೆಗೆ ಹೋಗಲೂ ಆಗದು. ಬಾಕಿ ನಿಂತವರ ಮನೆ ಬಾಗಿಲಿಗೆ ಹೋಗಿ ನಿಂತರೆ ಅದು ವಸೂಲಿಯೇ; ನಕ್ಕರೂ ವಸೂಲಿ, ಚಹಾ ಕುಡಿದರೂ ವಸೂಲಿ. ಇಂದಿರಾಬಾಯಿಯ ಎದುರು ಆ ಮುಖ ಹೊತ್ತು ನಿಲ್ಲುವುದು ಅವಳಿಂದ ಸಾಧ್ಯವಿರಲಿಲ್ಲ. ಅವಳು ಮಾನಕ್ಕೆ ಅಂಜಿ ಹೋಗಲಿಲ್ಲ, ಅವನು ನಾಚಿಕೆಗೆ ಬರಲಿಲ್ಲ. ಇಂಥ ಮರ್ಯಾದೆಯಲ್ಲೇ ನಮ್ಮ ಕಡೆಯ ಅರ್ಧ ಸಂಬಂಧಗಳು ಕೆಡುತ್ತವೆ.

ದಸರೆ ಹತ್ತಿರ ಬಂದಾಗ ಮುಂಬೈಯವರ ತಾಳ್ಮೆ ಮುಗಿಯಿತು. ಎರಡೂ ವಿಮಾನ ವಾಪಸು ತರಬೇಕು ಎಂದರು. ತಂದರೆ ಆ ಕಂಪನಿ ಮುಳುಗುತ್ತದೆ, ಅದನ್ನು ನಂಬಿದ ಪೈಲಟ್ಟು, ಮೆಕ್ಯಾನಿಕ್ಕುಗಳ ಮನೆಗಳೂ ಅದರ ಜೊತೆಗೇ. ಪ್ರೀತಿ ಹಲ್ಲು ಕಚ್ಚಿ ಜಗಳ ಹಿಡಿದಳು. ಜನ ಈಗ ತುಸು ತುಸು ಹಾರಲು ಶುರು ಮಾಡಿದ್ದಾರೆ, ಒಂದು ವಿಮಾನಕ್ಕೆ ಸಾಲುವಷ್ಟು ಮಂದಿ ಸಿಗುತ್ತಾರೆ. ಒಂದನ್ನು ತರೋಣ, ಇನ್ನೊಂದನ್ನು ಹಾರಿದ ಗಂಟೆಯ ಬಾಡಿಗೆಗೆ ಅವರಲ್ಲೇ ಬಿಡೋಣ, ಬದುಕಿದರೆ ನಾಳೆ ಬಾಕಿಯನ್ನೂ ತೀರಿಸುತ್ತಾರೆ ಎಂದಳು. ಕೊನೆಗೆ ಒಪ್ಪಿದರು, ಆದರೆ ಎರಡು ಷರತ್ತು ಹಾಕಿ. ಸೋಮವಾರ ಸಂಜೆಯೊಳಗೆ ಕೌಸ್ತುಭನ ಸಹಿ ಬರಬೇಕು, ಬರದಿದ್ದರೆ ಎರಡೂ ವಾಪಸು. ಮತ್ತೆ ಏನಿದ್ದರೂ ಬರವಣಿಗೆಯಲ್ಲೇ. ಪ್ರೀತಿ ಬಾಯಿಮಾತಿನಲ್ಲಿ ವ್ಯವಹಾರ ಮಾಡಕೂಡದು. ಪತ್ರ ಬರೆದವಳೂ ಅವಳೇ, ಶುಕ್ರವಾರ ಮೇಲ್‌ನಲ್ಲಿ ಕಳಿಸಿದವಳೂ ಅವಳೇ. ಭಾನುವಾರ ರಾತ್ರಿಯಾದರೂ ಆ ಕಡೆಯಿಂದ ಒಂದಕ್ಷರವಿಲ್ಲ.

ಸೋಮವಾರ ಬನ್ನಿಯ ದಿನ, ವಿಜಯದಶಮಿ. ಸಂಜೆ ಬನ್ನಿ ಎಲೆ ಹಿಡಿದು ಸಣ್ಣವರು ಹಿರಿಯರ ಮನೆಗೆ ಹೋಗುವುದು, ಕೊಟ್ಟು ಕಾಲಿಗೆ ಬೀಳುವುದು. ಮಾತು ಬಿಟ್ಟವರೂ ಅಂದು ಬನ್ನಿ ಕೊಟ್ಟರೆ ಕೈ ಒಡ್ಡಲೇಬೇಕು, ಒಲ್ಲೆ ಅನ್ನುವಂತಿಲ್ಲ. ಆ ವರ್ಷ ರೋಗದ ಭಯಕ್ಕೆ ಹೊರಬಿದ್ದವರು ಕಡಿಮೆ. ಪ್ರೀತಿ ಮಾಸ್ಕು ಕಟ್ಟಿಕೊಂಡು, ಎಲೆಗಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಚಪ್ಪಲಿ ಮೆಟ್ಟಿದಳು. ಎಲ್ಲಿಗೆಂದು ತಿಳಿದ ಶಿವಯೋಗೆಪ್ಪನವರು ಕಟ್ಟೆಯ ಮೇಲಿಂದಲೇ ಹೇಳಿದರು:

"ಬನ್ನಿ ಕೊಡಾಕ ಹೋದಾಗ ವ್ಯವಹಾರ ತಗೀಬ್ಯಾಡವಾ. ಅದು ಛಲೋ ಅಲ್ಲ."

"ನಮ್ಮ ಆಫೀಸಿನಾಗೂ ಅದನ್ನ ಹೇಳ್ಯಾರ ಅಪ್ಪಾ," ಎಂದಳು ಪ್ರೀತಿ.

ಬಾಗಿಲು ತೆರೆದವರು ಇಂದಿರಾಬಾಯಿ. ಪ್ರೀತಿ ಬನ್ನಿ ಕೊಟ್ಟು ನಮಸ್ಕರಿಸಿದಳು. ಎಷ್ಟು ದಿನಕ್ಕೆ ಬಂದೆ ಎಂದು ಮುದುಕಿಯ ಕಣ್ಣಲ್ಲಿ ನೀರು ಬಂತು. ಒಳಗೆ ಕುರ್ಚಿ ಸರಿದ ಸದ್ದಾಗಿ ನಿಂತುಹೋಯಿತು. ತಾಯಿ ಕರೆದರು, ಅವನು ಬರಲಿಲ್ಲ. ಬನ್ನಿ ತಂದವರನ್ನು ನಿಲ್ಲಿಸಬಾರದು ಎಂದು ಮತ್ತೊಮ್ಮೆ ಗದರಿದಾಗ ಬಂದ. ಗಡ್ಡ ಬೆಳೆದಿತ್ತು, ಸೊರಗಿದ್ದ. ಅವಳ ಕೈಯಿಂದ ಎಲೆ ತೆಗೆದುಕೊಂಡು ಅದನ್ನೇ ನೋಡುತ್ತ ನಿಂತ. ಅವನ ಮೇಲಿದ್ದ ಸಿಟ್ಟೆಲ್ಲ ಪ್ರೀತಿಗೆ ಆಗಲೇ ಹೋಗಿಬಿಟ್ಟಿತು. ಜೊತೆಗೆ ಭಯವೂ ಹತ್ತಿತು, ಯಾಕೆಂದರೆ ಹೊರಗೆ ದೀಪ ಹಚ್ಚುವ ಹೊತ್ತಾಗಿತ್ತು, ಸಹಿಯ ಗಡುವು ಮುಗಿಯುತ್ತ ಬಂದಿತ್ತು.

ಇಂದಿರಾಬಾಯಿ ಚಹಾಕ್ಕೆಂದು ಒಳಗೆ ಹೋದರು. ಏನನ್ನೂ ಹೇಳಬಾರದು ಎಂದುಕೊಂಡೇ ಬಂದ ಪ್ರೀತಿ ಒಂದೇ ಮಾತು ಹೇಳಿದಳು.

"ಕೌಸ್ತುಭಣ್ಣಾ, ನಾ ಕಳಿಸಿದ ಪತ್ರ ಓದ್ರಿ."

"ಓದೂದೇನದ ಅದರಾಗ," ಎಂದ ಅವನು. "ಏನ್ ಬರದಿರ್ತೀರಿ ಅಂತ ಗೊತ್ತದ. ತಗಿಲಿಕ್ಕೆ ಧೈರ್ಯ ಆಗವಲ್ದು."

ಶುಕ್ರವಾರದಿಂದ ಆ ಪತ್ರ ತೆರೆಯದೆ ಬಿದ್ದಿತ್ತು. ಅವಳು ಕದಲಲಿಲ್ಲ. ಅವನು ನಿಂತಲ್ಲೇ ಫೋನು ತೆಗೆದ. ಓದಿದ. ಮತ್ತೆ ಮೊದಲಿನಿಂದ ಓದಿದ. ಆಮೇಲೆ ಗೋಡೆಗೆ ಒರಗಿ, ಉಸಿರು ಬಿಟ್ಟು, ಹೊರಗೆ ಹೋಗಿ ತನ್ನ ಕಂಪನಿಯ ಮಾಲೀಕರಿಗೆ ಫೋನು ಮಾಡಿ ಬಂದ. ನೀನೇ ನೋಡಿ ಮಾಡು ಎಂದರಂತೆ. ಎರಡರಲ್ಲಿ ಯಾವ ವಿಮಾನ ಒಪ್ಪಿಸುವುದು ಎಂಬ ಜಾಗ ಖಾಲಿ ಇತ್ತು. ಅದನ್ನು ಅವನೇ ತುಂಬಬೇಕಿತ್ತು.

ಒಂದು ಹೊಸದು, ಎಣ್ಣೆ ಕಡಿಮೆ ಕುಡಿಯುವಂಥದ್ದು, ಯಾರು ಬೇಕಾದರೂ ಕೈ ಚಾಚಿ ತೆಗೆದುಕೊಳ್ಳುವಂಥದ್ದು. ಇನ್ನೊಂದು ಹಳೆಯದು, ವಾರಕ್ಕೊಂದು ತಕರಾರು. ಇಬ್ಬರಿಗೂ ಅದು ಗೊತ್ತಿತ್ತು. ಇಂಥ ಹೊತ್ತಿನಲ್ಲಿ ಯಾರಾದರೂ ಹಳೆಯದನ್ನೇ ದಾಟಿಸುತ್ತಾರೆ. ದಾಟಿಸಲಿ ಎಂದೇ ಪ್ರೀತಿ ಮನಸ್ಸಿನಲ್ಲಿ ಬೇಡುತ್ತಿದ್ದಳು. ಅವನು ಬೆರಳಾಡಿಸಿ ಜಾಗ ತುಂಬಿದ, ಸಹಿ ಮಾಡಿ ಕಳಿಸಿದ, ಫೋನನ್ನು ಅವಳ ಮುಂದೆ ಹಿಡಿದ. ಹೊಸದನ್ನು ಬರೆದಿದ್ದ.

"ಕೌಸ್ತುಭಣ್ಣಾ, ಹಳೇದನ್ನ ನೀವು ಹ್ಯಾಂಗ ನಡಸ್ತೀರಿ?"

"ನಮ್ಮ ಹುಡುಗರಿಗೆ ಅದರ ರೂಢಿ ಅದ, ಸಂಭಾಳಸ್ತಾರ. ಅದನ್ನ ನಿಮಗ ಕಟ್ಟಿದ್ರ ಈಗ ಯಾರೂ ಮುಟ್ಟೂದಿಲ್ಲ. ನಮ್ಮ ಸಲುವಾಗಿ ಜಗಳ ಮಾಡಿದಾಕಿ ನೀನು, ನಾಳೆ ಮುಂಬೈದಾಗ ತಲಿ ತಗ್ಗಿಸಿ ಕೂಡಬಾರದು."

ಚಹಾ ಬಂತು, ಕುಡಿದರು. ಅವನು ಹೊಸಿಲ ತನಕ ಬಂದು ಕಳಿಸಿಕೊಟ್ಟ. ತಿರುವು ದಾಟಿ ಯಾರೂ ಕಾಣದ ಕಡೆ ಪ್ರೀತಿ ಒಂದು ಕಟ್ಟೆಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಹಳೆಯದನ್ನು ಕೊಟ್ಟಿದ್ದರೂ ಅವಳ ಕಂಪನಿ ಮಾತಿಲ್ಲದೆ ತೆಗೆದುಕೊಳ್ಳುತ್ತಿತ್ತು. ಪತ್ರದಲ್ಲಿ ಅವಳು ಅದನ್ನು ಸ್ಪಷ್ಟವಾಗಿ ಬರೆದಿದ್ದಳು, ಅವನು ಎರಡು ಸಲ ಓದಿದ್ದ.