ಫಿಲೋಮೆನಾ ಸತ್ತ ಗೋಡೆ

ತಾನು ಸತ್ತ ಸುದ್ದಿ ದೋನ್ಯಾ ಫಿಲೋಮೆನಾಗೆ ಎಲ್ಲರಿಗಿಂತ ತಡವಾಗಿ ತಿಳಿಯಿತು. ಒಲೆಯ ಮೇಲೆ ಜೋಳದ ಹಿಟ್ಟಿನ ಕಡುಬು, ತಮಾಲೆ, ಹಬೆಯಾಡುತ್ತಿದ್ದರೂ ಕೊಳ್ಳುವವರಿಲ್ಲ. ಸಂತೆಗೆ ಬಂದವರು ಎದುರು ಗೋಡೆಗೆ ಮೇಣದಬತ್ತಿ ಹಚ್ಚಿ, ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಮುಂದೆ ಹೋಗುತ್ತಿದ್ದರು.

ಗೋಡೆಯ ಮೇಲೆ ಅವಳೇ ಇದ್ದಳು. ಸುತ್ತ ಚೆಂಡುಹೂವಿನ ಹಾರ. ಚಿತ್ರ ಬರೆದವನು ಮಾಯೆಸ್ತ್ರೋ, ಅಂದರೆ ಗುರುಗಳು, ಎಂದು ಕರೆಸಿಕೊಳ್ಳುವ ಬಾಲ್ತಸಾರ್. ರಾಜಧಾನಿಯಿಂದ ಜಾನಪದ ಹುಡುಕಿಕೊಂಡು ಓಹಾಕಾ ಊರಿಗೆ ಬಂದ ಮಹಾನುಭಾವ. ಅಲ್ಲಿ ಯಾರೂ ತೊಡದ ಕಸೂತಿ ಅಂಗಿ ತೊಟ್ಟು, ಬೂಟು ಹಾಕಿದವರನ್ನೆಲ್ಲ ಬರಿಗಾಲಲ್ಲಿ ಬರೆಯುತ್ತಿದ್ದ.

"ಚೆಂಡುಹೂ ಯಾರಿಗಿಡ್ತಾರೆ ಗೊತ್ತಿಲ್ವೇನ್ರೀ ಮಾಯೆಸ್ತ್ರೋ? ಸತ್ತೋರ ಪಟಕ್ಕೆ! ಸತ್ತೋಳ ಕೈಯಡುಗೆ ಯಾರ್ ತಿಂತಾರೆ? ಮೊದ್ಲು ಅಳಿಸಿ."

"ಜಾನಪದದಲ್ಲಿ ಸಾವು ಬದುಕು ಎರಡೂ ಒಂದೇ ಕಣಮ್ಮಾ. ನಿಮಗದು ಅರ್ಥ ಆಗಲ್ಲ."

"ಒಂದೇ ಆದ್ರೆ ನೀವೊಂದ್ಸಲ ಹೋಗ್ಬನ್ನಿ."

ಮಾಯೆಸ್ತ್ರೋ ತನ್ನನ್ನೂ ಬರೆದುಕೊಂಡಿದ್ದ. ಗೋಡೆಯ ತುದಿಯಲ್ಲಿ, ಸಂತರ ಪಕ್ಕ, ಕುಂಚ ಹಿಡಿದು. ಸಂತರು ತುಸು ಸರಿದು ಜಾಗ ಕೊಟ್ಟಂತಿತ್ತು. ಹೂವು ಮಾತ್ರ ಒಂದೂ ಇರಲಿಲ್ಲ.

ಉದ್ಘಾಟನೆಯ ದಿನ ಮಧ್ಯಾಹ್ನ ಅವನು ಉಂಡು ಮಲಗಿದ್ದಾಗ, ಫಿಲೋಮೆನಾ ಮಾಂಸಕ್ಕೆ ಸವರುವ ಅಚಿಯೋತೆ ಬೀಜದ ಕೆಂಪು ಅರೆದುಕೊಂಡು ಅವನದೇ ಏಣಿ ಹತ್ತಿದಳು. ಚೆಂಡುಹೂ ಬರೆಯಲು ಜಾನಪದ ಓದಬೇಕಿಲ್ಲ. ಬೆರಳು ಅದ್ದಿ ಅವನ ಚಿತ್ರದ ಸುತ್ತ ಒತ್ತಿದರೆ ಸಾಕು.

ಉದ್ಘಾಟನೆಗೆಂದು ಗೋಡೆಗೆ ಇಳಿಬಿಟ್ಟಿದ್ದ ಪರದೆ ಸಂಜೆ ಸರಿಯಿತು. ಮೇಯರ್ ಟೋಪಿ ತೆಗೆದರು. ವಾದ್ಯದವರು ಗೋಡೆ ನೋಡಿ, ಮದುವೆಯ ರಾಗ ಬಿಟ್ಟು ಶವಯಾತ್ರೆಯದು ಹಿಡಿದರು. ಮುದುಕಿಯರು ಅಳಲು ಶುರುವಿಟ್ಟುಕೊಂಡರು, ಅವರಿಗೆ ಯಾರಾದರೇನು.

"ನಾನು ಬದುಕಿದೀನಿ!" ಮಾಯೆಸ್ತ್ರೋ ಕಿರುಚಿದ.

"ಫಿಲೋಮೆನಾನೂ ಹಂಗೇ ಅಂತಿದ್ಲು, ಪಾಪ," ಎಂದ ಕ್ಷೌರಿಕ ಎಲೂತೇರಿಯೊ.

ಮಾಯೆಸ್ತ್ರೋನ ಚಿತ್ರ ಮಾರುವ ಅಂಗಡಿಯವನು ಅವನ ಕಿವಿಯಲ್ಲಿ ಉಸುರಿದ: "ಸ್ವಲ್ಪ ಸತ್ತೇ ಇರಿ ಸಾರ್. ಸತ್ತೋರಿಗೇ ಗಿರಾಕಿ ಜಾಸ್ತಿ."

ಮಾಯೆಸ್ತ್ರೋ ಏಣಿ ಹತ್ತಿ, ಪರದೆ ಕಟ್ಟಿದ್ದ ಅಟ್ಟಣಿಗೆಯ ಮೇಲೆ ನಿಂತ. ಕಸೂತಿ ಅಂಗಿ ಬಿಚ್ಚಿ, ಅದಕ್ಕೆ ಉಗುಳು ಹಚ್ಚಿ, ತನ್ನ ಹೂವುಗಳನ್ನೆಲ್ಲ ಉಜ್ಜಿ ತೆಗೆದ. ಇಳಿಯಲು ನೋಡಿದರೆ ಏಣಿಯಿಲ್ಲ. ಅಟ್ಟಣಿಗೆಯ ಕಂಬ ತಬ್ಬಿ ನೇತಾಡಿದ.

"ಮೇಲಾದ್ರೇನು, ಕೆಳಗಾದ್ರೇನು, ಎರಡೂ ಒಂದೇ ಅಲ್ವಾ?" ಏಣಿ ಹಿಡಿದು ನಿಂತಿದ್ದ ಫಿಲೋಮೆನಾ ಕೇಳಿದಳು.

"ಅಲ್ಲ ತಾಯಿ, ಅಲ್ಲ! ನಿಮ್ಮದೂ ಅಳಿಸ್ತೀನಿ!"

ಏಣಿ ಬಂತು. ಇಡೀ ಸಂತೆಯ ಎದುರು, ಬರಿಮೈಯಲ್ಲಿ, ಅವಳ ಮುಖದ ಸುತ್ತಲಿನ ಕೊನೆಯ ಹೂವಿಗೂ ಅವನು ಸುಣ್ಣ ಬಳಿದ. ಎಲೂತೇರಿಯೊ ಗೋಡೆ ನೋಡಿದ, ಅವಳನ್ನು ನೋಡಿದ, ಮೇಣದಬತ್ತಿ ಊದಿ ಆರಿಸಿದ.

"ದೋನ್ಯಾ, ತಮಾಲೆ ಬಿಸಿ ಇದ್ಯಾ?"

"ಬದುಕಿರೋಳು ಮಾಡಿದ್ದು ಕಣೋ. ಬಾಯಿ ಸುಡತ್ತೆ, ನೋಡ್ಕೊಂಡ್ ತಿನ್ನು."